ಪ್ಯಾಡ್‌ಗೆ ತಕಿಟ ಹೇಳಿಸುವ ಗೇಟ್

"ಸಾರ್, ಪ್ಯಾಡ್ ಚೆನ್ನಾಗೇ ಇದೆ. ಗೇಟ್ ಹಾಕಿದ ತಕ್ಷಣ ಮಷೀನ್ ಥರ ಆಗ್ಬಿಡುತ್ತೆ." ಬಾಡಿಗೆ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಕಿರುಚಿತ್ರ, ಆಲ್ಬಂ ಹಾಡು ಅಂತ ದುಡಿಯುವ ಬೆಂಗಳೂರಿನ ಹುಡುಗರಿಂದ ನನಗೆ ಬರುವ ದೂರುಗಳಲ್ಲಿ ಇದು ಮಾಮೂಲಿ. ಪ್ಯಾಡ್ ಅಂದರೆ ಸಿಂಥ್‌ನಲ್ಲಿ (ಸಿಂಥಸೈಜರ್) ಉದ್ದಕ್ಕೆ ಒತ್ತಿ ಹಿಡಿದ ಸದ್ದು, ಗೇಟ್ ಅಂದರೆ ಆ ಸದ್ದನ್ನು ಬಾಗಿಲಿನಂತೆ ತೆರೆದು ಮುಚ್ಚುವ ಸಾಧನ. ಪ್ರಾಜೆಕ್ಟ್ ತೆರೆದು ನೋಡಿದರೆ ಯಾವುದೋ ಪ್ರಿಸೆಟ್ (ಸಿದ್ಧ ಸೆಟ್ಟಿಂಗ್) ಕೂತಿರುತ್ತದೆ: ಬಾರಿಗೆ, ಅಂದರೆ ನಾಲ್ಕು ಬೀಟ್‌ಗೆ, ಹದಿನಾರು ಸ್ಟೆಪ್, ಎಲ್ಲವೂ ಒಂದೇ ಉದ್ದ, ಒಂದೇ ಎತ್ತರ. ಮಷೀನ್ ಥರ ಕೇಳಿಸದೆ ಇನ್ನೇನಾಗಬೇಕು?

ಗೇಟ್ ಮೂಲತಃ ಸದ್ದು ಅಡಗಿಸುವ ಸಾಧನ. ಮೈಕಿನ ಧ್ವನಿ ನಾವು ಗೊತ್ತು ಮಾಡಿದ ಥ್ರೆಶೋಲ್ಡ್‌ಗಿಂತ ಕೆಳಗಿಳಿದರೆ ಅದು ಮುಚ್ಚಿಕೊಳ್ಳುತ್ತದೆ, ಹಾಡುಗಾರರು ಉಸಿರೆಳೆಯುವಾಗ ಫ್ಯಾನಿನ ಗುಂಯ್ ಕೇಳಿಸುವುದಿಲ್ಲ. ಇದನ್ನೇ ಹಾಡಿನ ಟೆಂಪೊಗೆ ಕಟ್ಟಿ, ಎರಡು ಬಾರ್ ಒತ್ತಿ ಹಿಡಿದ ಸಿಂಥ್ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ) ಮೇಲೆ ಕೂರಿಸಿದರೆ ಕಾರ್ಡು ತುಂಡು ತುಂಡಾಗಿ ಲಯಕ್ಕೆ ಬೀಳುತ್ತದೆ. 1990ರ ದಶಕದ ಟ್ರಾನ್ಸ್ ಸಂಗೀತದಲ್ಲಿ ಇದು ಎಷ್ಟು ಬಳಕೆಯಾಯಿತೆಂದರೆ, ಟ್ರಾನ್ಸ್ ಗೇಟ್ ಎಂಬ ಹೆಸರೇ ಅಂಟಿಕೊಂಡಿತು.

ಅದಕ್ಕೆ ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ನುಡಿಸುವ ಆರ್ಪೆಜಿಯೇಟರ್ ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು. ಅದು ಸ್ವರ ಒತ್ತಿದಾಗಲೆಲ್ಲ ಸಿಂಥ್‌ನ ಎನ್ವೆಲಪ್ (ಸದ್ದು ಏರಿ ಇಳಿಯುವ ಆಕಾರ) ಮೊದಲಿನಿಂದ ಶುರುವಾಗುತ್ತದೆ, ಫಿಲ್ಟರ್ ಮತ್ತೆ ಅಲ್ಲಿಂದಲೇ ತೆರೆಯುತ್ತದೆ. ಗೇಟ್ ಹಾಕಿದಾಗ ಒಳಗೆ ಕಾರ್ಡು ನಿಲ್ಲದೆ ನಡೆಯುತ್ತಿರುತ್ತದೆ, ನಾವು ಆಗಾಗ ಇಣುಕಿ ಕೇಳುತ್ತೇವೆ, ಅಷ್ಟೆ. ಆದ್ದರಿಂದ ಪ್ಯಾಡ್ ಒಳಗೊಳಗೇ ಬದಲಾಗುತ್ತಿರಬೇಕು: ಸ್ವಲ್ಪ ಡಿಟ್ಯೂನ್ ಮಾಡಿದ (ಶ್ರುತಿ ಚೂರು ಸರಿಸಿದ) ಸಾ ವೇವ್ (ಗರಗಸದ ಹಲ್ಲಿನಾಕಾರದ ಅಲೆ), ಎರಡು ಬಾರಿನುದ್ದಕ್ಕೂ ನಿಧಾನವಾಗಿ ತೆರೆಯುವ ಫಿಲ್ಟರ್. ಆಗ ಪ್ರತಿ ತುಂಡಿಗೂ ಬೇರೆ ಬಣ್ಣ ಬರುತ್ತದೆ.

ಸಾಧನಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಏಬಲ್ಟನ್ ಲೈವ್ ಎಂಬ ಸಂಗೀತ ಸಾಫ್ಟ್‌ವೇರ್‌ನ ಆಟೋ ಪ್ಯಾನ್‌ನಲ್ಲಿ ಫೇಸ್ ಸೊನ್ನೆಗೆ ತಂದು ಅಲೆಯ ಆಕಾರವನ್ನು ಚೌಕ ಮಾಡಿದರೆ ಕೆಲಸ ನಡೆಯುತ್ತದೆ. ಎಫ್‌ಎಲ್ ಸ್ಟುಡಿಯೊದವರಿಗೆ ಗ್ರಾಸ್ ಬೀಟ್ ಇದೆ. ರೀಪರ್ ಬಳಸುವವರು ರೀಗೇಟ್‌ಗೆ ಇನ್ನೊಂದು ಟ್ರ್ಯಾಕಿನಿಂದ ಸೈಡ್‌ಚೈನ್ ಕೊಡಬಹುದು, ಅಂದರೆ ಆ ಟ್ರ್ಯಾಕಿನ ಸದ್ದೇ ಗೇಟನ್ನು ತೆರೆಸುತ್ತದೆ. ದುಡ್ಡು ಕೊಟ್ಟು ಪ್ಲಗಿನ್ ಕೊಳ್ಳುವ ಮೊದಲು ಕೈಯಲ್ಲಿರುವುದನ್ನು ಸರಿಯಾಗಿ ಕಲಿಯಿರಿ.

ಇನ್ನು ಪ್ಯಾಟರ್ನ್. ನನ್ನ ಹತ್ತಿರ ಕಲಿಯುವವರಿಗೆ ನಾನು ಹೇಳುವುದು ಒಂದೇ: ಬಾಯಲ್ಲಿ ಹೇಳಲು ಬಾರದ ಪ್ಯಾಟರ್ನ್ ಸ್ಟೆಪ್‌ಗೆ ಹಾಕಬೇಡಿ. ಮೌಸ್ ಹಿಡಿಯುವ ಮೊದಲು ಕೈಯಲ್ಲಿ ತಾಳ ಹಾಕಿ, ಬಾಯಲ್ಲಿ ಸೊಲ್ಲುಕಟ್ಟು (ತಕಿಟ, ತಕಧಿಮಿಯಂಥ ಲಯದ ಸೊಲ್ಲುಗಳು) ಹೇಳಿ. ಬೆಂಗಳೂರಿನಲ್ಲಿ ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಲ್ಲಿ ತನಿ ಆವರ್ತನ (ಲಯವಾದ್ಯಗಳು ಮಾತ್ರ ನುಡಿಯುವ ಭಾಗ) ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗದೆ ಕೂತರೆ ಅರ್ಧ ಪಾಠ ಆಯಿತು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು 1964ರಲ್ಲಿ ಇದೇ ಊರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಈ ಲಯದ ಲೆಕ್ಕವನ್ನು ವಿದೇಶದ ಜಾಝ್ ಕಲಾವಿದರ ಜೊತೆ ಕೂತು ನುಡಿಸಿ ತೋರಿಸಿದೆ. ಸಿಂಥ್ ಜೊತೆ ಕೂರುವುದಕ್ಕೆ ಅದಕ್ಕೇನು ಮುಜುಗರ?

ಒಂದು ಬಾರಿನಲ್ಲಿ ಹದಿನಾರು ಸ್ಟೆಪ್ ಇರುತ್ತವೆ. ತಕಿಟ ತಕಿಟ ತಕಿಟ ತಕಿಟ ತಕಧಿಮಿ: ಮೂರರ ನಾಲ್ಕು ಗುಂಪು, ಕೊನೆಗೊಂದು ನಾಲ್ಕು, ಒಟ್ಟು ಹದಿನಾರು. ಅಂದರೆ 1, 4, 7, 10, 13ನೇ ಸ್ಟೆಪ್‌ಗಳ ಮೇಲೆ ಒತ್ತು. ಖಂಡದ (ಐದರ ಗುಂಪಿನ) ರುಚಿ ಬೇಕಿದ್ದರೆ ತಕತಕಿಟ ತಕತಕಿಟ ತಕಿಟತಕಿಟ, ಐದು-ಐದು-ಆರು. ಐದು ಸ್ಟೆಪ್ಪಿನ ಪ್ಯಾಟರ್ನನ್ನೇ ಲೂಪ್‌ಗೆ ಬಿಟ್ಟರೆ ಅದು ಸಮಕ್ಕೆ (ಬಾರಿನ ಮೊದಲ ಸ್ಟೆಪ್ಪಿಗೆ) ಬಂದು ಕೂರುವುದು ಐದು ಬಾರ್ ಆದ ಮೇಲೆ. ನಾಲ್ಕು, ಎಂಟು ಬಾರಿನ ಲೆಕ್ಕದಲ್ಲಿ ಓಡುವ ಹಾಡಿಗೆ ಅದು ಹೊಂದುವುದಿಲ್ಲ. ಎರಡು ಬಾರಿಗೆ ಮೂವತ್ತೆರಡು ಸ್ಟೆಪ್, ಅಂದರೆ ಚತುರಶ್ರ ನಡೆಯ (ಎಣಿಕೆಗೆ ನಾಲ್ಕು ಸ್ಟೆಪ್ಪಿನ) ಆದಿತಾಳದ ಒಂದು ಆವರ್ತ. ಆರು ಖಂಡ ಹೇಳಿ ಎರಡು ಸ್ಟೆಪ್ ಸುಮ್ಮನಿದ್ದರೆ ಅದು ಸರಿಯಾಗಿ ತುಂಬುತ್ತದೆ. ಪಲ್ಲವಿಗೆ ಹೋಗುವ ಮುಂಚಿನ ಬಾರಿಗೆ ನನ್ನ ಇಷ್ಟದ್ದು ಪುಟ್ಟ ಮುಕ್ತಾಯ: ತಕಧಿಮಿ, ಎರಡು ಸ್ಟೆಪ್ ಖಾಲಿ, ತಕಧಿಮಿ, ಎರಡು ಖಾಲಿ, ತಕಧಿಮಿ. ಹದಿನಾರು ಮುಗಿಯಿತು, ಮುಂದಿನ ಬಾರಿನ ಮೊದಲ ಸ್ಟೆಪ್ಪಿನಲ್ಲಿ ಕಿಕ್ಕಿನ ಜೊತೆ 'ಥಾ'. ಕೇಳುವವರಿಗೆ ಲೆಕ್ಕ ಗೊತ್ತಿಲ್ಲದಿದ್ದರೂ ಎಡುಪು (ಹಾಡು ಎತ್ತಿಕೊಳ್ಳುವ ಜಾಗ) ಬಂತು ಅಂತ ಮೈಗೆ ಗೊತ್ತಾಗುತ್ತದೆ.

ಇಷ್ಟಾದರೂ ಜೀವ ಬರುವುದಿಲ್ಲ. ಮೃದಂಗದಲ್ಲಿ 'ತ' ಒಣ ಪೆಟ್ಟು, 'ಧೀಂ' ಗುಂಗು ಬಿಟ್ಟು ಹೋಗುವ ಪೆಟ್ಟು. ಗೇಟ್‌ನಲ್ಲಿ ಈ ವ್ಯತ್ಯಾಸ ಇರುವುದು ಹೋಲ್ಡ್ (ತೆರೆದೇ ಇರುವ ಹೊತ್ತು) ಮತ್ತು ರಿಲೀಸ್‌ನಲ್ಲಿ (ಮುಚ್ಚಿಕೊಳ್ಳಲು ಹಿಡಿಯುವ ಹೊತ್ತು). ನಿಮ್ಮ ಟೆಂಪೊದಲ್ಲಿ ಒಂದು ಸ್ಟೆಪ್ ಎಷ್ಟು ಮಿಲಿಸೆಕೆಂಡ್ ಅಂತ ಮೊದಲು ತಿಳಿಯಿರಿ: 15,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿದರೆ ಸಿಗುತ್ತದೆ. 120ಕ್ಕೆ 125, 96ಕ್ಕೆ ಸುಮಾರು 156. 125ರ ಸ್ಟೆಪ್ಪಿನಲ್ಲಿ 'ತ'ಗೆ 40 ಹೋಲ್ಡ್, 20 ರಿಲೀಸ್ ಕೊಡಿ. ಒತ್ತಿನ 'ಧೀಂ'ಗೆ 60 ಹೋಲ್ಡ್, ಮುಂದಿನ ಸ್ಟೆಪ್ಪಿನ ಒಳಗೂ ಸ್ವಲ್ಪ ಚಾಚುವ ರಿಲೀಸ್. ಒತ್ತಿಲ್ಲದ ಸ್ಟೆಪ್‌ಗಳನ್ನು ಆರೇಳು ಡಿಬಿ (ಡೆಸಿಬೆಲ್) ಇಳಿಸಿ. ಪೂರ್ತಿ ಮುಚ್ಚುವುದೂ ಬೇಕಿಲ್ಲ. ರೇಂಜ್ (ಮುಚ್ಚಿದಾಗ ಸದ್ದು ಎಷ್ಟು ಇಳಿಯಬೇಕೆಂಬುದು) 15 ಡಿಬಿ ಸುತ್ತ ಇಟ್ಟರೆ ಹಿಂದೆ ತಂಬೂರಿಯಂತೆ ಕಾರ್ಡು ಉಳಿದಿರುತ್ತದೆ.

ಅಟ್ಯಾಕ್ (ಗೇಟ್ ತೆರೆಯಲು ಹಿಡಿಯುವ ಹೊತ್ತು) ಸೊನ್ನೆ ಇಟ್ಟರೆ ಟಿಕ್ ಟಿಕ್ ಸದ್ದು ಬರುತ್ತದೆ, ಅಲೆಯನ್ನು ನಡುವೆ ಥಟ್ಟನೆ ಕತ್ತರಿಸಿದ್ದರ ಫಲ ಅದು. ಎರಡರಿಂದ ಐದು ಮಿಲಿಸೆಕೆಂಡ್ ಸಾಕು. ಬೇಸ್‌ಗೆ ಮಾತ್ರ ಇನ್ನೂ ಉದಾರವಾಗಿರಿ: 50 ಹರ್ಟ್ಸ್‌ನ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು.

ಸ್ಟೆಪ್ ಬರೆಯುವ ಬದಲು ನಿಜವಾದ ಮೃದಂಗದ ರೆಕಾರ್ಡಿಂಗನ್ನೇ ಸೈಡ್‌ಚೈನ್‌ಗೆ ಕೊಡಬಹುದು. ನನಗೆ ಅತ್ಯಂತ ಖುಷಿ ಕೊಡುವ ದಾರಿ ಇದೇ, ಆದರೆ ಕೊಟ್ಟ ತಕ್ಷಣ ಗೇಟ್ ಹುಚ್ಚುಹುಚ್ಚಾಗಿ ವರ್ತಿಸುತ್ತದೆ. ಎಡಗೈ ತೊಪ್ಪಿಯ ಗುಂಗು ಬೇಗ ಇಳಿಯದ ಕಾರಣ ಗೇಟ್ ಮುಚ್ಚುವುದೇ ಇಲ್ಲ. ಸೈಡ್‌ಚೈನ್‌ನ ಫಿಲ್ಟರ್‌ನಲ್ಲಿ 300 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಆಗ ಬಲಗೈ ಪೆಟ್ಟುಗಳು ಮಾತ್ರ ಅದನ್ನು ತೆರೆಸುತ್ತವೆ. ಆಮೇಲೂ ಮುಚ್ಚುವ ಹೊತ್ತಿಗೆ ಪಟಪಟ ಅಂತ ತೆರೆದು ಮುಚ್ಚಿ ಮಾಡಿದರೆ ಹಿಸ್ಟರಿಸಿಸ್ ಹೆಚ್ಚಿಸಿ: ತೆರೆಯಲು ಮೈನಸ್ 20 ಡಿಬಿ, ಮುಚ್ಚಲು ಮೈನಸ್ 26. ಮೃದಂಗ ಹಾಡಿನಲ್ಲಿ ಕೇಳಿಸುವುದು ಬೇಡವಾದರೆ ಆ ಟ್ರ್ಯಾಕಿನ ಮಾಸ್ಟರ್ ಸೆಂಡ್ ತೆಗೆದುಬಿಡಿ.

ಗೇಟ್ ಆದ ಮೇಲೆ ಡಿಲೇ ಹಾಕುವ ಚಾಳಿ ಎಲ್ಲರಿಗೂ ಇದೆ, ಅದೂ ಮೂರು ಸ್ಟೆಪ್ಪಿನ ಡಾಟೆಡ್ ಎಂಟನೇ ಸ್ವರದ ಡಿಲೇ. 1, 5, 9, 13ರಲ್ಲಿ ತೆರೆಯುವ ಪ್ಯಾಟರ್ನಿಗೆ ಅದು ಚಂದ: ಪ್ರತಿಧ್ವನಿ 4, 8, 12, 16ರ ಖಾಲಿ ಜಾಗಕ್ಕೆ ಬೀಳುತ್ತದೆ. ತಕಿಟಕ್ಕೆ ಅದನ್ನೇ ಹಾಕಿದರೆ ಒಂದರ ಪ್ರತಿಧ್ವನಿ ನಾಲ್ಕರ ಮೇಲೆ, ನಾಲ್ಕರದ್ದು ಏಳರ ಮೇಲೆ ಬಿದ್ದು ಒತ್ತುಗಳೆಲ್ಲ ಕೆಸರಾಗುತ್ತವೆ. ತಕಿಟಕ್ಕೆ ಎರಡು ಸ್ಟೆಪ್ಪಿನ ಡಿಲೇ ಹಾಕಿ. ರಿವರ್ಬ್ ಗೇಟ್‌ಗೆ ಮೊದಲೋ ಆಮೇಲೋ ಎಂಬುದು ರುಚಿಯ ಪ್ರಶ್ನೆ. ಮೊದಲು ಹಾಕಿದರೆ ಅದೂ ಕತ್ತರಿಸಿ ಗೋಡೆಯಂಥ ಸದ್ದು ಬರುತ್ತದೆ, ಆಮೇಲೆ ಹಾಕಿದರೆ ಖಾಲಿ ಜಾಗ ತುಂಬಿಕೊಳ್ಳುತ್ತದೆ.

ನಮ್ಮ ಕೋಣೆಗಳದ್ದೇ ಒಂದು ತಂಟೆ ಇದೆ. ಹತ್ತು-ಹನ್ನೆರಡು ಅಡಿಯ ರೂಮು, ನೆಲಕ್ಕೆ ಟೈಲ್ಸ್, ಬೋಳು ಗೋಡೆ. ಗೇಟ್ ಮುಚ್ಚಿದ ಐವತ್ತು ಅರವತ್ತು ಮಿಲಿಸೆಕೆಂಡನ್ನು ಕೋಣೆಯ ಪ್ರತಿಧ್ವನಿಯೇ ತುಂಬಿಬಿಡುತ್ತದೆ. ರಿಲೀಸ್ ಜಾಸ್ತಿಯಾಯಿತೆಂದು ನೀವು ಕಡಿಮೆ ಮಾಡುತ್ತಾ ಹೋಗುತ್ತೀರಿ, ಕೇಳುಗರು ಇಯರ್‌ಫೋನಿನಲ್ಲಿ ಕೇಳಿದರೆ ಬರೀ ಕಟಕಟ. ಗೇಟ್‌ನ ರಿಲೀಸನ್ನು ಹೆಡ್‌ಫೋನಿನಲ್ಲೇ ಗೊತ್ತು ಮಾಡಿ, ಸ್ಪೀಕರಿನಲ್ಲಿ ಅಲ್ಲ.

ಸಿನಿಮಾ, ಕಿರುಚಿತ್ರದ ಹಿನ್ನೆಲೆ ಸಂಗೀತ ಮಾಡುವವರಿಗೆ ಇನ್ನೊಂದು ಮಾತು. ಮನುಷ್ಯರ ಮಾತಿನ ಏರಿಳಿತ ಸೆಕೆಂಡಿಗೆ ನಾಲ್ಕರ ಆಸುಪಾಸು ಇರುತ್ತದೆ. 120 ಬಿಪಿಎಂನಲ್ಲಿ ಎಂಟನೇ ಸ್ವರದ (ಎರಡು ಸ್ಟೆಪ್ಪಿಗೊಮ್ಮೆ ತೆರೆಯುವ) ಗೇಟ್ ಕೂಡ ಸೆಕೆಂಡಿಗೆ ನಾಲ್ಕು ಸಲವೇ ತೆರೆಯುತ್ತದೆ. ಸಂಭಾಷಣೆಯ ಕೆಳಗೆ ಇದನ್ನು ಹಾಕಿದರೆ ವಾಲ್ಯೂಮ್ ಎಷ್ಟೇ ಇಳಿಸಿದರೂ ಮಾತು ಕೆದರಿದ ಹಾಗೆ ಕೇಳಿಸುತ್ತದೆ. ಅಲ್ಲಿ ಹದಿನಾರನೇ ಸ್ವರಕ್ಕೆ ಹೋಗಿ, ರೇಂಜನ್ನು ಆರು ಡಿಬಿಗೆ ಇಳಿಸಿ. ಮಿಕ್ಸಿಂಗ್‌ಗೆ ಸ್ಟೆಮ್ (ಒಂದೊಂದು ಸದ್ದಿನ ಬೇರೆ ಫೈಲು) ಕಳಿಸುವಾಗ ಗೇಟ್ ಹಾಕಿದ ಪ್ಯಾಡ್ ಒಂದು, ಹಾಕದ ಪ್ಯಾಡ್ ಒಂದು, ಎರಡನ್ನೂ ಬೇರೆ ಬೇರೆ ಕೊಡಿ, ಫೈಲಿನ ಹೆಸರಿನಲ್ಲೇ ಬಿಪಿಎಂ ಬರೆಯಿರಿ. ದೃಶ್ಯ ಕೊನೇ ಗಳಿಗೆಯಲ್ಲಿ ಎರಡು ಸೆಕೆಂಡ್ ಕಟ್ ಆದಾಗ ಇಂಜಿನಿಯರ್ ಮೊದಲು ಕೇಳುವುದು ಅದನ್ನೇ.