ಇಂಟಿಗ್ರೇಟೆಡ್ ಮಾಸ್ಟ್ ಅಂದರೆ ಏನು?

ಕೊಡಗಿನಲ್ಲಿ ತೋಟದೊಳಗೆ ಫೋನಿಗೆ ರೇಂಜ್ ಸಿಗದಿದ್ದರೆ ಏನು ಮಾಡುತ್ತೇವೆ? ಹತ್ತಿರದ ದಿಣ್ಣೆ ಹತ್ತುತ್ತೇವೆ. ಟವರ್ ದೂರ ಇದೆ ಅಂತಲ್ಲ, ನಡುವೆ ಗುಡ್ಡ ಅಡ್ಡ ಇರುತ್ತದೆ. ರೇಡಾರಿಗೂ ಇದೇ ಕಷ್ಟ. ಬಯಲಿನಂಥ ಸಮುದ್ರದಲ್ಲಿ ಗುಡ್ಡ ಎಲ್ಲಿಂದ ಬಂತು ಅಂತೀರಾ? ಎಷ್ಟೋ ಸಲ ಯುದ್ಧನೌಕೆಯ ಸ್ವಂತ ಕಂಬವೇ ಗುಡ್ಡವಾಗುತ್ತದೆ.

ಆ ಕಂಬವೇ ಮಾಸ್ಟ್. ಹಳೆಯ ಹಡಗುಗಳಲ್ಲಿ ರೇಡಾರ್, ರೇಡಿಯೋ, ಉಪಗ್ರಹ ಸಂಪರ್ಕದ ಆಂಟೆನಾ ಎಲ್ಲವನ್ನೂ ಇದಕ್ಕೇ ಕಟ್ಟುತ್ತಿದ್ದರು. ಒಂದರ ನೋಟಕ್ಕೆ ಇನ್ನೊಂದು ಅಡ್ಡ, ಒಂದರ ಅಲೆಯಿಂದ ಇನ್ನೊಂದಕ್ಕೆ ತೊಂದರೆ. ಇಷ್ಟೊಂದು ಮೂಲೆ ಸಂದುಗಳಿದ್ದರೆ ಶತ್ರುವಿನ ರೇಡಾರ್ ಅಲೆಯೂ ಜೋರಾಗಿ ವಾಪಸ್ ಹೋಗುತ್ತದೆ. ಹಡಗು ಬೇಗ ಕಣ್ಣಿಗೆ ಬೀಳುತ್ತದೆ.

ಇಂಟಿಗ್ರೇಟೆಡ್ ಮಾಸ್ಟ್‌ನಲ್ಲಿ ಇವೆಲ್ಲ ಒಂದೇ ಮುಚ್ಚಿದ ಗೋಪುರದೊಳಗೆ ಸೇರುತ್ತವೆ. ಗೋಡೆಗಳು ಓರೆಯಾಗಿರುತ್ತವೆ. ಮುಖ್ಯ ರೇಡಾರ್ ಸಾಮಾನ್ಯವಾಗಿ ತಿರುಗುವುದಿಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ಚಪ್ಪಟೆ ಫಲಕ, ಒಂದೊಂದರ ಪಾಲಿಗೆ 90 ಡಿಗ್ರಿ. ಡಚ್ ನೌಕಾಪಡೆಯ 4 ಹಾಲೆಂಡ್ ದರ್ಜೆಯ ಗಸ್ತು ಹಡಗುಗಳಲ್ಲಿ ಥೇಲ್ಸ್ ಕಂಪನಿಯ ಐ-ಮಾಸ್ಟ್ 400 ಇದೆ.

ನನಗೆ ತುಂಬಾ ಹಿಡಿಸಿದ್ದು ಇದನ್ನು ಕಟ್ಟುವ ರೀತಿ. ಗೋಪುರವನ್ನು ನೆಲದ ಮೇಲೇ ಕಟ್ಟಿ, ಉಪಕರಣ ಕೂರಿಸಿ, ಪರೀಕ್ಷೆ ಮಾಡುತ್ತಾರೆ. ಆಮೇಲೆ ಕ್ರೇನ್‌ನಲ್ಲಿ ಎತ್ತಿ ಹಡಗಿನ ಮೇಲೆ ಇಡುತ್ತಾರೆ. ಅತ್ತ ಹಡಗಿನ ಕೆಲಸ ನಡೆಯುತ್ತಿರುವಾಗ ಇತ್ತ ಮಾಸ್ಟ್ ತಯಾರಾಗುತ್ತದೆ. ಮಾಡ್ಯುಲರ್ ನಿರ್ಮಾಣ ಅನ್ನುವುದು ಇದನ್ನೇ. ಹಡಗಿನ ಒಡಲನ್ನೂ ಹೀಗೆ ಬ್ಲಾಕ್‌ಗಳಾಗಿ ಮಾಡುತ್ತಾರೆ. ಪೈಪು, ಕೇಬಲ್ ಆದಷ್ಟೂ ಮೊದಲೇ ಹಾಕಿ, ನಂತರ ಬ್ಲಾಕ್‌ಗಳನ್ನು ವೆಲ್ಡ್ ಮಾಡಿ ಜೋಡಿಸುತ್ತಾರೆ. ಇಕ್ಕಟ್ಟಿನಲ್ಲಿ ನುಸುಳಿ ಮಾಡುವ ಕೆಲಸ ಎಷ್ಟೋ ಕಡಿಮೆ ಅಲ್ವಾ? 2025ರ ಜನವರಿ 15ರಂದು ನಮ್ಮ ನೌಕಾಪಡೆಗೆ ಸೇರಿದ ಐಎನ್‌ಎಸ್ ನೀಲಗಿರಿಯನ್ನು ಮುಂಬೈನ ಮಜಗಾಂವ್ ಡಾಕ್ ಕಟ್ಟಿದ್ದು ಹೀಗೆಯೇ.

ಮಾಡ್ಯುಲರ್ ಅನ್ನುವ ಮಾತಿಗೆ ಇನ್ನೊಂದು ಅರ್ಥವೂ ಇದೆ. ಜರ್ಮನಿಯ ಮೆಕೊ ಹಡಗುಗಳಲ್ಲಿ ತೋಪು, ಉಪಕರಣಗಳು ಗೊತ್ತಾದ ಅಳತೆಯ ಪೆಟ್ಟಿಗೆಗಳಲ್ಲಿ ಬರುತ್ತವೆ. ಬೇಕಾದಾಗ ಬದಲಿಸಬಹುದು.

ಆದರೆ ನಾಲ್ಕು ಫಲಕ ಅಂದರೆ ತೂಕ ಜಾಸ್ತಿ. ಅಷ್ಟು ತೂಕವನ್ನು ತುಂಬಾ ಮೇಲಿಟ್ಟರೆ ಹಡಗಿನ ಸಮತೋಲ ಕೆಡುತ್ತದೆ. ಕೆಳಗಿಟ್ಟರೆ, ನೀರಿಗೆ ತಾಗಿದಂತೆ ಹಾರಿ ಬರುವ ಕ್ಷಿಪಣಿ ಭೂಮಿಯ ಬಾಗಿನ ಮರೆಯಲ್ಲೇ ಉಳಿದು ತಡವಾಗಿ ಕಾಣುತ್ತದೆ. ಅದಕ್ಕೇ ಬ್ರಿಟನ್ನಿನ ಟೈಪ್ 45 ಹಡಗುಗಳಲ್ಲಿ ಎರಡೇ ಮುಖದ, ತಿರುಗುವ ಸ್ಯಾಂಪ್ಸನ್ ರೇಡಾರನ್ನು ಮಾಸ್ಟ್‌ನ ತುದಿಯಲ್ಲಿ ಕೂರಿಸಿದ್ದಾರೆ. ಅವರೂ ದಿಣ್ಣೆ ಹತ್ತಿದ್ದಾರೆ.