ರೂಟ್ ಕೆನಾಲ್ ಆದ ಹಲ್ಲು ಮತ್ತೆ ಯಾಕೆ ನೋಯುತ್ತದೆ?

“ನರ ತೆಗೆದುಬಿಟ್ಟಿದ್ದೀರಲ್ಲ ಡಾಕ್ಟ್ರೇ, ಮತ್ತೆ ನೋವು ಎಲ್ಲಿಂದ ಬಂತು?” ರೂಟ್ ಕೆನಾಲ್ ಮಾಡಿಸಿಕೊಂಡು ಕೆಲವು ವರ್ಷಗಳ ನಂತರ ಅದೇ ಹಲ್ಲಿಗಾಗಿ ಬರುವವರು ಕೇಳುವ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ನರವೇ ಇಲ್ಲದ ಮೇಲೆ ನೋಯುವುದು ಯಾವುದು?

ನೋಯುವುದು ಹಲ್ಲಿನ ಒಳಭಾಗವಲ್ಲ, ಹಲ್ಲಿನ ಸುತ್ತಲಿನ ಜಾಗ. ಬೇರಿಗೂ ದವಡೆಯ ಮೂಳೆಗೂ ನಡುವೆ ಒಂದು ತೆಳುವಾದ ಪದರ ಇದೆ. ಅದರಲ್ಲಿ ರಕ್ತನಾಳ, ನರ ಎಲ್ಲವೂ ಇವೆ. ಚಿಕಿತ್ಸೆಯಲ್ಲಿ ನಾವು ಅದನ್ನು ಮುಟ್ಟುವುದಿಲ್ಲ. ಬೇರಿನೊಳಗೆ ಬ್ಯಾಕ್ಟೀರಿಯಾ ಉಳಿದಿದ್ದರೆ ಅವುಗಳ ವಿಷ ಬೇರಿನ ತುದಿಯ ಸಣ್ಣ ರಂಧ್ರದಿಂದ ಹೊರಗೆ ಜಿನುಗುತ್ತದೆ. ಆಗ ಆ ಪದರ ಊದಿಕೊಳ್ಳುತ್ತದೆ, ಮೂಳೆ ಸವೆಯುತ್ತದೆ, ಕೀವು ಕಟ್ಟುತ್ತದೆ. ಎಷ್ಟೋ ಸಲ ನೋವೇ ಇಲ್ಲದೆ ಇದೆಲ್ಲ ನಡೆದಿರುತ್ತದೆ. ಒಸಡಿನ ಮೇಲೆ ಒಂದು ಗುಳ್ಳೆ ಬಂದು ಒಡೆದಾಗಲೇ ಗೊತ್ತಾಗುವುದು.

ಹಾಗಾಗಿ ರೂಟ್ ಕೆನಾಲ್ ಎಂದರೆ ನರ ಕೀಳುವ ಕೆಲಸ ಎಂದುಕೊಂಡರೆ ಅರ್ಧ ವಿಷಯ ತಪ್ಪಿಹೋಗುತ್ತದೆ. ಅದು ಸೋಂಕು ತೆಗೆಯುವ ಕೆಲಸ. 1965ರಲ್ಲಿ ಅಮೆರಿಕದಲ್ಲಿ ಕಾಕೆಹಾಶಿ ಎಂಬ ಸಂಶೋಧಕರು ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಮಾಡಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಅವರು ಇಲಿಗಳ ಹಲ್ಲು ಕೊರೆದು, ನರ ಮತ್ತು ರಕ್ತನಾಳಗಳಿರುವ ಒಳಗಿನ ತಿರುಳನ್ನು ಹಾಗೇ ತೆರೆದಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಕೀವಾಯಿತು. ಹುಟ್ಟಿನಿಂದಲೇ ಬ್ಯಾಕ್ಟೀರಿಯಾ ಸೋಂಕದಂತೆ ಸಾಕಿದ ಇಲಿಗಳಲ್ಲಿ ತಿರುಳು ಬದುಕಿತು, ಗಾಯದ ಮೇಲೆ ಹೊಸ ಗಟ್ಟಿ ಪದರವೂ ಬೆಳೆಯಿತು. ಆಹಾರ ಎರಡೂ ಕಡೆ ಹಲ್ಲಿನೊಳಗೆ ಸೇರಿತ್ತು. ವ್ಯತ್ಯಾಸ ಇದ್ದದ್ದು ಬ್ಯಾಕ್ಟೀರಿಯಾದಲ್ಲಿ ಮಾತ್ರ.

ಹಾಗಾದರೆ ಅವನ್ನೆಲ್ಲ ತೊಳೆದು ತೆಗೆದರೆ ಆಯಿತಲ್ಲ? ತೊಡಕು ಇರುವುದೇ ಇಲ್ಲಿ. ಕ್ಲಿನಿಕ್ಕಿನ ಗೋಡೆಯ ಚಿತ್ರದಲ್ಲಿ ಪ್ರತಿ ಬೇರಿಗೂ ಒಂದೊಂದು ನೇರ ಕೆಂಪು ಗೆರೆ ಎಳೆದಿರುತ್ತಾರೆ. ನಿಜವಾದ ಹಲ್ಲು ಹಾಗಿರುವುದಿಲ್ಲ. ಜೂರಿಚ್‌ನ ವಾಲ್ಟರ್ ಹೆಸ್ ಸಾವಿರಾರು ಹಲ್ಲುಗಳ ಒಳಗೆ ರಬ್ಬರ್ ತುಂಬಿ ಗಟ್ಟಿ ಮಾಡಿದರು. ಆಮೇಲೆ ಹಲ್ಲನ್ನು ಕರಗಿಸಿ, ಒಳಗಿನ ಟೊಳ್ಳಿನ ಅಚ್ಚನ್ನು ಮಾತ್ರ ಉಳಿಸಿಕೊಂಡರು. 1925ರಲ್ಲಿ ಅವರ ಕೆಲಸ ಇಂಗ್ಲಿಷಿನಲ್ಲಿ ಬಂತು. ಆ ಅಚ್ಚುಗಳನ್ನು ನೋಡಿದರೆ ಮಳೆನೀರು ಮರಳಿನ ಮೇಲೆ ಹರಿದು ಕವಲೊಡೆದ ಹಾಗೆ ಕಾಣುತ್ತದೆ. ಬೇರಿನೊಳಗಿನ ಒಂದು ನಾಳ ಎರಡಾಗುತ್ತದೆ, ಎರಡು ಮತ್ತೆ ಕೂಡಿಕೊಳ್ಳುತ್ತವೆ, ಪಕ್ಕಕ್ಕೆ ಸಣ್ಣ ಕವಲುಗಳು ಹೊರಡುತ್ತವೆ. ಈಗ ಮೈಕ್ರೋ ಸಿ.ಟಿ. ಎಂಬ ಅತಿ ಸೂಕ್ಷ್ಮ ಸ್ಕ್ಯಾನ್ ಬಂದು ಅದನ್ನೇ ಇನ್ನಷ್ಟು ಸೂಕ್ಷ್ಮವಾಗಿ ತೋರಿಸಿದೆ.

ಬೇರಿನ ಕೊನೆಯ 3 ಮಿಲಿಮೀಟರಿನಲ್ಲಂತೂ ಕವಲುಗಳು ತುಂಬಾ ಜಾಸ್ತಿ. ನಾಳ ಹೊರಗೆ ತೆರೆದುಕೊಳ್ಳುವ ಜಾಗವೂ ಬೇರಿನ ತುತ್ತತುದಿಯಲ್ಲೇ ಇರಬೇಕೆಂದಿಲ್ಲ. ಸಾಮಾನ್ಯವಾಗಿ ಅರ್ಧದಿಂದ ಒಂದು ಮಿಲಿಮೀಟರಿನಷ್ಟು ಪಕ್ಕಕ್ಕೆ ಇರುತ್ತದೆ. ಎಕ್ಸ್‌ರೇ ಒಂದನ್ನೇ ನಂಬಿ ಉದ್ದ ಅಳೆದರೆ ಮೋಸ ಹೋಗುವುದು ಅದಕ್ಕೇ. ಏಪೆಕ್ಸ್ ಲೊಕೇಟರ್ ಎಂಬ ಯಂತ್ರದಿಂದಲೂ ಅಳೆದು ನೋಡುವುದು ಒಳ್ಳೆಯದು.

ಮೇಲಿನ ದವಡೆಯ ಮೊದಲ ದೊಡ್ಡ ಹಲ್ಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕೆಟ್ಟುಹೋದ ಚಿಕಿತ್ಸೆಗಳಲ್ಲಿ ಈ ಹಲ್ಲು ಪದೇ ಪದೇ ಎದುರಾಗುತ್ತದೆ. ಇದಕ್ಕೆ ಮೂರು ಬೇರು. ಮೂರು ಬೇರಿಗೆ ಮೂರು ನಾಳ ಎಂದು ಲೆಕ್ಕ ಹಾಕಿ ಕೆಲಸ ಮುಗಿಸಿಬಿಟ್ಟರೆ ಬಹಳಷ್ಟು ಹಲ್ಲುಗಳಲ್ಲಿ ಒಂದು ನಾಳ ಬಿಟ್ಟಂತೆಯೇ. ಕೆನ್ನೆಯ ಕಡೆ, ಮುಂದುಗಡೆ ಇರುವ ಬೇರು ಚಪ್ಪಟೆ ಮತ್ತು ಅಗಲ. ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಅದರೊಳಗೆ ಎರಡನೇ ನಾಳ ಇರುತ್ತದೆ. ನಾವು ಅದನ್ನು ಎಂಬಿ2 ಎನ್ನುತ್ತೇವೆ. ಅದರ ಬಾಯಿ ಸೂಜಿಮೊನೆಯಷ್ಟು ಚಿಕ್ಕದು. ಎಷ್ಟೋ ಸಲ ಮೇಲೆ ಹಲ್ಲಿನದೇ ಪದರ ಬೆಳೆದು ಮುಚ್ಚಿಕೊಂಡಿರುತ್ತದೆ. ಎಕ್ಸ್‌ರೇಯಲ್ಲಿ ಅದು ಮೊದಲ ನಾಳದ ಹಿಂದೆ ಸರಿಯಾಗಿ ಅಡಗಿ ಕೂರುತ್ತದೆ. ಮೈಕ್ರೋಸ್ಕೋಪ್ ಇಟ್ಟುಕೊಂಡು, ಸಣ್ಣ ಅಲ್ಟ್ರಾಸಾನಿಕ್ ಮೊನೆಯಿಂದ ಆ ಪದರವನ್ನು ಚೂರುಚೂರೇ ಸವೆಸಿ ಹುಡುಕಬೇಕು. ಅದಕ್ಕೆ ಸಮಯ ಬೇಕು, ತಾಳ್ಮೆ ಬೇಕು. ಇದೆ ಎಂದೇ ನಂಬಿಕೊಂಡು ಹುಡುಕಿದವರಿಗೆ ಸಿಗುತ್ತದೆ. ಎಕ್ಸ್‌ರೇಯಲ್ಲಿ ಕಂಡರೆ ನೋಡೋಣ ಎಂದುಕೊಂಡವರಿಗೆ ಸಿಗುವುದಿಲ್ಲ.

ಕೆಳಗಿನ ಮುಂದಿನ ಹಲ್ಲು ನೋಡಲು ಪುಟ್ಟದು, ಸರಳ ಅನ್ನಿಸುತ್ತದೆ ಅಲ್ವಾ? ಅದರಲ್ಲೂ ಎಷ್ಟೋ ಸಲ ಒಂದರ ಹಿಂದೆ ಒಂದು ಎರಡು ನಾಳ ಇರುತ್ತವೆ. ಕೆಳಗಿನ ಎರಡನೇ ದವಡೆ ಹಲ್ಲಿನಲ್ಲಿ ಕೆಲವರಿಗೆ ನಾಳಗಳು ಬೇರೆಬೇರೆಯಾಗಿರದೆ, ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದ ಒಂದೇ ಸೀಳಾಗಿರುತ್ತವೆ.

ನಾಳಗಳೆಲ್ಲ ಸಿಕ್ಕವು ಎಂದೇ ಇಟ್ಟುಕೊಳ್ಳಿ. ನಾಳವನ್ನು ಕೆರೆಯಲು ಒಳಗೆ ಆಡಿಸುವ, ಫೈಲ್ ಎಂಬ ಸೂಜಿಯಂಥ ಸಾಧನ ದುಂಡಗಿರುತ್ತದೆ, ನಾಳ ದುಂಡಗಿರುವುದಿಲ್ಲ. ಮೈಕ್ರೋ ಸಿ.ಟಿ. ಅಧ್ಯಯನಗಳ ಪ್ರಕಾರ ನಾಳದ ಗೋಡೆಯ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಫೈಲ್ ಮುಟ್ಟದೇ ಇರಬಹುದು. ಆದ್ದರಿಂದ ನನ್ನ ಮಟ್ಟಿಗೆ ಫೈಲ್ ದಾರಿ ಮಾಡಿಕೊಡುತ್ತದೆ, ಅಷ್ಟೇ. ನಿಜವಾದ ಕೆಲಸ ಮಾಡುವುದು ತೊಳೆಯುವ ದ್ರವ. ಸೋಡಿಯಂ ಹೈಪೊಕ್ಲೋರೈಟ್ ಸತ್ತ ಅಂಗಾಂಶವನ್ನು ಕರಗಿಸುತ್ತದೆ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಫೈಲ್ ಕೆರೆದಾಗ ಗೋಡೆಗೆ ಮೆತ್ತಿಕೊಂಡ ಪುಡಿಯನ್ನು ಇಡಿಟಿಎ ಎಂಬ ಇನ್ನೊಂದು ದ್ರವ ಬಿಡಿಸುತ್ತದೆ. ಇವು ಮೂಲೆಮೂಲೆಗೂ ತಲುಪಬೇಕು, ಸ್ವಲ್ಪ ಹೊತ್ತು ಅಲ್ಲೇ ಇರಬೇಕು, ಮತ್ತೆ ಮತ್ತೆ ಹೊಸದಾಗಿ ಹಾಕಬೇಕು. ಯಂತ್ರದ ಫೈಲ್‌ಗಳಿಂದ ನಾಳ ಬೇಗ ಅಗಲವಾಗುತ್ತದೆ ನಿಜ. ಆದರೆ ಅಲ್ಲಿ ಉಳಿದ ಸಮಯವನ್ನು ತೊಳೆಯುವುದಕ್ಕೆ ಕೊಡದಿದ್ದರೆ ಏನು ಬಂತು?

ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆಯನ್ನು ಹಲ್ಲಿಗೆ ಹಾಕದೆ ಈ ಕೆಲಸ ಮಾಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. 1864ರಿಂದಲೂ ದಂತವೈದ್ಯರ ಕೈಯಲ್ಲಿರುವ ಸಾಧನ ಅದು. ಒಂದು ಕಡೆ ಬ್ಯಾಕ್ಟೀರಿಯಾ ತೊಳೆಯುತ್ತಾ ಇನ್ನೊಂದು ಕಡೆ ಎಂಜಲು ಒಳಗೆ ಇಳಿಯಲು ಬಿಟ್ಟರೆ ಆ ಶ್ರಮವೆಲ್ಲ ವ್ಯರ್ಥ. ರೋಗಿಯ ಗಂಟಲಿಗೆ ಫೈಲಾಗಲಿ ಹೈಪೊಕ್ಲೋರೈಟಾಗಲಿ ಜಾರದಂತೆ ತಡೆಯುವುದೂ ಅದೇ.

ಫೈಲ್ ಒಳಗೆ ಮುರಿದಿದೆ ಎಂದು ಗೊತ್ತಾದರೆ ಜನ ತುಂಬಾ ಹೆದರುತ್ತಾರೆ. ಆ ಲೋಹದ ಚೂರು ತಾನಾಗಿ ಸೋಂಕು ತರುವುದಿಲ್ಲ. ಅದರ ಕೆಳಗಿನ ಭಾಗ ತೊಳೆಯದೇ ಉಳಿದಿದ್ದರೆ ಅಪಾಯ. ಮೊದಲೇ ಚೆನ್ನಾಗಿ ತೊಳೆದ ಮೇಲೆ ಮುರಿದಿದ್ದರೆ ಹಲ್ಲು ವರ್ಷಗಟ್ಟಲೆ ಸುಮ್ನೆ ಇರುವುದುಂಟು.

ಸೋಂಕು ಮೇಲಿನಿಂದಲೂ ವಾಪಸ್ ಬರುತ್ತದೆ. ನೋವು ಹೋಯಿತಲ್ಲ ಎಂದು ತಾತ್ಕಾಲಿಕ ಫಿಲ್ಲಿಂಗ್‌ನಲ್ಲೇ ತಿಂಗಳುಗಟ್ಟಲೆ ಕಳೆಯುವವರು ಬಹಳ. ಆ ಫಿಲ್ಲಿಂಗ್ ಕೆಲವು ವಾರಕ್ಕೆಂದು ಹಾಕಿದ್ದು. ಅದು ಸವೆದರೆ ಎಂಜಲು ಇಳಿಯುತ್ತದೆ, ನಾಳದಲ್ಲಿ ತುಂಬಿದ ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತು ಅದನ್ನು ಪೂರ್ತಿ ತಡೆಯಲಾರದು. 1995ರಲ್ಲಿ ರೇ ಮತ್ತು ಟ್ರೋಪ್ ಪ್ರಕಟಿಸಿದ ಅಧ್ಯಯನ, ಬೇರಿನ ಆರೋಗ್ಯಕ್ಕೆ ಒಳಗಿನ ತುಂಬುವಿಕೆಗಿಂತ ಮೇಲಿನ ಮುಚ್ಚಿಗೆಯೇ ಹೆಚ್ಚು ಮುಖ್ಯ ಇರಬಹುದು ಎಂದಿತು. ನಂತರದ ಅಧ್ಯಯನಗಳು ಎರಡೂ ಬೇಕೇ ಬೇಕು ಎಂದವು. ಹಿಂದಿನ ಹಲ್ಲುಗಳಿಗೆ ಕ್ಯಾಪ್ ಹಾಕಿಸಿ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಹುಳುಕಿನಿಂದ ಮತ್ತು ಕೊರೆದದ್ದರಿಂದ ಟೊಳ್ಳಾದ ಹಲ್ಲು ಅಗಿಯುವ ಒತ್ತಡಕ್ಕೆ ಸೀಳಬಹುದು. ಸೀಳು ಬೇರಿನ ಉದ್ದಕ್ಕೂ ಇಳಿದರೆ ಆ ಬೇರನ್ನು ಉಳಿಸಲು ಸಾಮಾನ್ಯವಾಗಿ ದಾರಿ ಇರುವುದಿಲ್ಲ.

ಮತ್ತೆ ಊತ ಬಂದಾಗ ಆಂಟಿಬಯಾಟಿಕ್ ತೆಗೆದುಕೊಂಡು ಸುಮ್ಮನಾಗಬೇಡಿ. ಔಷಧ ರಕ್ತದ ಜೊತೆ ಹೋಗಬೇಕು, ಬೇರಿನೊಳಗೆ ಈಗ ರಕ್ತದ ಹರಿವೇ ಇಲ್ಲ. ಹೊರಗಿನ ಊತ ಇಳಿಯಬಹುದು, ಒಳಗಿನ ಬ್ಯಾಕ್ಟೀರಿಯಾ ಅಲ್ಲೇ ಇರುತ್ತವೆ. ನಾಳವನ್ನು ಮತ್ತೆ ತೆರೆದು, ಬೇಕಿದ್ದರೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಮಾಡಿಸಿ, ತಪ್ಪಿಹೋದದ್ದನ್ನು ಹುಡುಕಿ ತೊಳೆಯುವುದು ಮೊದಲ ದಾರಿ. ಅದು ಆಗದಿದ್ದರೆ ಒಸಡಿನ ಕಡೆಯಿಂದ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಬೇರಿನ ತುದಿಯ 3 ಮಿಲಿಮೀಟರ್ ಕತ್ತರಿಸಿ ಕೆಳಗಿನಿಂದ ಮುಚ್ಚುತ್ತಾರೆ. ಕವಲುಗಳ ಬಹುಪಾಲು ಅಲ್ಲೇ ಇರುವುದರಿಂದ ಆ ಅಳತೆ.

ಆದರೆ ಚಿಕಿತ್ಸೆಯ ನಂತರ ಕೆಲವು ದಿನ ಕಚ್ಚಿದಾಗ ನೋಯುವುದು ಸಹಜ, ಅದನ್ನು ವೈಫಲ್ಯ ಎನ್ನಬೇಡಿ. ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ಕಲೆ ಮಾಯಲು ಒಂದು ವರ್ಷ ಬೇಕಾಗಬಹುದು, ಕೆಲವರಿಗೆ ನಾಲ್ಕು ವರ್ಷವೂ ಆಗುತ್ತದೆ. ಕಲೆ ಕುಗ್ಗುತ್ತಿದ್ದರೆ ಕಾಯಬಹುದು. ಕುಗ್ಗುತ್ತಿದೆಯೋ ಬೆಳೆಯುತ್ತಿದೆಯೋ ಗೊತ್ತಾಗಬೇಕಾದರೆ ಹಳೆಯ ಎಕ್ಸ್‌ರೇ ಬೇಕು. ಚಿಕಿತ್ಸೆ ಮುಗಿದ ದಿನದ ಎಕ್ಸ್‌ರೇಯನ್ನು ಕೇಳಿ ಪಡೆದುಕೊಳ್ಳಿ, ನೋವಿಲ್ಲದಿದ್ದರೂ ವರ್ಷದ ನಂತರ ಇನ್ನೊಂದು ತೆಗೆಸಿ.