ಪಾಠ ಕೇಳಿದರೆ ಉತ್ತರ ಹೇಳ್ತಾಳೆ, ಪುಸ್ತಕ ಕೊಟ್ಟರೆ ತಡವರಿಸ್ತಾಳೆ

ಪ್ರಶ್ನೆ: ಮಗಳು ನಾಲ್ಕನೇ ಕ್ಲಾಸು. ಓದಿ ಹೇಳಿದರೆ ಎಲ್ಲಾ ಅರ್ಥವಾಗುತ್ತೆ. ತಾನೇ ಓದುವಾಗ ಪದಪದಕ್ಕೂ ನಿಲ್ಲುತ್ತಾಳೆ. ಸೋಮಾರಿ ಅಂತಾರೆ. ಮೇಡಂ, ಇವಳು ದಡ್ಡಿಯಾ?
– ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು

ದಡ್ಡಿಯೂ ಅಲ್ಲ, ಸೋಮಾರಿಯೂ ಅಲ್ಲ ಅಮ್ಮ. ಕೇಳಿದ್ದನ್ನು ಗ್ರಹಿಸುತ್ತಾಳೆ ಅಂತ ನೀವೇ ಬರೆದಿದ್ದೀರಿ. ಹಾಸನ, ಚಿಕ್ಕಮಗಳೂರು ಕಡೆ ನನ್ನ ಟೀಚರ್ ಕೆಲಸದ ಬಹುಪಾಲು ಇಂಥ ಮಕ್ಕಳ ಜೊತೆಗೇ ಕಳೆದಿದೆ. ಗದರಿಸಿದ್ದರಿಂದ ಓದು ಬಂದ ಮಗುವನ್ನು ನಾನು ಕಂಡಿಲ್ಲ.

ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ಅದರಲ್ಲಿ ತೊಂದರೆ ಇಲ್ಲವಾದರೆ ಅವಳು ಎಲ್ಲಿ ನಿಲ್ಲುತ್ತಾಳೆ ಅಂತ ಗಮನಿಸಿ. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರ ನಿಜ, ಆದರೆ ಕಾಗುಣಿತ ಸೇರಿದರೆ ಗುರುತಿಸಬೇಕಾದ ರೂಪಗಳು 400 ದಾಟುತ್ತವೆ, ಒತ್ತಕ್ಷರ ಬೇರೆ. ಇವೆಲ್ಲ ಕೈವಶವಾಗುವುದು ನಿಧಾನ, ನಾಲ್ಕನೇ ತರಗತಿಯಲ್ಲೂ ಕಲಿಕೆ ನಡೆದೇ ಇರುತ್ತದೆ ಎಂಬುದನ್ನು ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡುವ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ತೋರಿಸಿದೆ. ಹಾಗಾಗಿ ‘ಅಆಇಈ ಬರುತ್ತೆ, ಓದು ಯಾಕೆ ಬರಲ್ಲ’ ಎಂದು ಕೇಳುವುದು ಸರಿಯಲ್ಲ.

ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಬೋರ್ಡು ಓದಿಸಿ. ಹಾಸನ, ಬೇಲೂರು, ಕಡೂರು ಓದಿದಳೇ? ಗುಣಿತ ಬಂದಿದೆ. ಕೊಪ್ಪ, ಚಿಕ್ಕಮಗಳೂರು ಹತ್ತಿರ ತಡವರಿಸಿದರೆ ತೊಡಕು ಒತ್ತಿನದ್ದು. ತೀರ್ಥಹಳ್ಳಿ ಇನ್ನೂ ಕಷ್ಟ: ಬಾಯಿಗೆ ‘ರ್’ ಮೊದಲು, ಕಣ್ಣಿಗೆ ‘ಥ’ ಮೊದಲು. ಈ ‘ರ್’ ಗುರುತು, ಅಂದರೆ ಅರ್ಕಾವತ್ತು, ಎಷ್ಟೋ ಚುರುಕು ಮಕ್ಕಳನ್ನೂ ನಿಲ್ಲಿಸುತ್ತದೆ. ಎಲ್ಲಿ ನಿಂತಳೋ ಅಲ್ಲಿಂದಲೇ ದಿನಕ್ಕೆ ಹತ್ತು ನಿಮಿಷ ಕಲಿಸಿ. ಚಪ್ಪಾಳೆ ತಟ್ಟಿ ಪದ ಬಿಡಿಸಿ: ಚಿ–ಕ್ಕ–ಮ–ಗ–ಳೂ–ರು. ಆಮೇಲೆ ನೀವೂ ಅವಳೂ ಒಟ್ಟಿಗೆ ಗಟ್ಟಿಯಾಗಿ ಒಂದು ಪ್ಯಾರಾ ಓದಿ. ಹತ್ತು ಸಲ ಬರೆಸುವ ಶಿಕ್ಷೆ ಬೇಡವೇ ಬೇಡ.

ಇನ್ನೊಂದು ವಿಷಯ. ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ತುಳು, ತಮಿಳು ಆಡುವ ಮಕ್ಕಳಿದ್ದಾರೆ. ಅಂಥ ಮಗುವಿಗೆ ಕನ್ನಡದ ಮಾತೇ ಇನ್ನೂ ಹೊಸದು. ಅದನ್ನು ಓದಿನ ತೊಂದರೆ ಎನ್ನಬಾರದು.

ಕೆಲವು ತಿಂಗಳು ಹೀಗೆ ಕಲಿಸಿದರೂ ಬದಲಾವಣೆ ಕಾಣದಿದ್ದರೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು-ಬರಹ ಕಷ್ಟವಾಗುವ ತೊಂದರೆ, ಇರಬಹುದು. ಅದು ಹುಟ್ಟಿನಿಂದ ಬರುವಂಥದ್ದು, ನಿಮ್ಮ ಪಾಲನೆಯ ತಪ್ಪಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಡಿಸ್ಲೆಕ್ಸಿಯಾ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಕೇಳಬಹುದು. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ) ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಮೊದಲು ಕಾಣಿ. ಮೌಲ್ಯಮಾಪನಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ಹೋಗುವಾಗ ಅವಳ ಈ ವರ್ಷದ, ಹೋದ ವರ್ಷದ ನೋಟ್ ಪುಸ್ತಕಗಳನ್ನೂ, ನೀವು ಮನೆಯಲ್ಲಿ ಗುರುತು ಹಾಕಿಕೊಂಡ ತಪ್ಪುಗಳ ಪಟ್ಟಿಯನ್ನೂ ಜೊತೆಗೆ ಇಟ್ಟುಕೊಳ್ಳಿ.